ಸವಳು ನೀರಿನಲ್ಲಿ ಎರಡು ಹನಿ

ಅಕ್ಕೋರು ತೀರಿಕೊಂಡ ಮೇಲೆ ಅಣ್ಣಿಗೇರಿಯ ಕಾಲೇಜಿನಲ್ಲಿ ಒಂದು ಸಂತಾಪ ಸಭೆ ನಡೆಯಿತು. ಮಾತಾಡಿದವರೆಲ್ಲ ಅವರ ಶಿಸ್ತು, ಸಮಯಪಾಲನೆ, ಸರಳತೆ ಇವನ್ನೇ ಹೇಳಿದರು. ಸಂಶೋಧನೆಯ ವಿಷಯ ಬಂದಾಗ ಒಬ್ಬರು, "ಕಂಪ್ಯೂಟರಿನಲ್ಲಿ ಹನಿಗಳ ಬಗ್ಗೆ ಏನೋ ಬಹಳ ದೊಡ್ಡ ಕೆಲಸ ಮಾಡಿದ್ದರು" ಎಂದು ಹೇಳಿ ಮುಂದೆ ಹೋದರು. ಅವರ ಹತ್ತಿರ ಸಂಶೋಧನೆ ಮಾಡಿದವಳು ನಾನೊಬ್ಬಳೇ ಆದ್ದರಿಂದ ನನ್ನನ್ನೂ ವೇದಿಕೆಗೆ ಕರೆದರು. ಎದ್ದು ನಿಂತೆ. ಕೈ ಮುಗಿದು ಕೂತುಬಿಟ್ಟೆ. ಅಂದು ಹೇಳಬೇಕಾಗಿದ್ದುದನ್ನು ಈಗ ಬರೆಯುತ್ತಿದ್ದೇನೆ.

ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರದ ಮೇಡಂ. ನವಲಗುಂದದ ಅವರ ಓಣಿಯಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಅಕ್ಕೋರು. ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಕರೆಯುವುದು ಹಾಗೆಯೇ. ಮಿಶ್ರಿಕೋಟಿಯ ಕನ್ನಡ ಶಾಲೆಯಲ್ಲಿ ಕಲಿತ ನಾನು ಮೊದಲ ದಿನವೇ ಬಾಯಿತಪ್ಪಿ "ಅಕ್ಕೋರ" ಅಂದೆ. ಅವರು ತಿದ್ದಲಿಲ್ಲ. ಅದೇ ಉಳಿಯಿತು.

ಅವರ ತಾಯಿ ಮನೆಯ ಮಗ್ಗದಲ್ಲಿ ಜಮಖಾನ ನೇಯ್ದು ಮೂವರು ಹೆಣ್ಣುಮಕ್ಕಳನ್ನು ಓದಿಸಿದ್ದರು. ಮನೆಯೊಳಗೆ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ಅಕ್ಕೋರು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ "ವ್ಯಾಳ್ಯಾ ಸಿಗಲಿಲ್ರಿ" ಎಂದಷ್ಟೇ ಹೇಳುತ್ತಿದ್ದರು. ಗಂಡನನ್ನು ಕಳೆದುಕೊಂಡ ತಂಗಿಯೊಬ್ಬರು ಅವರ ಜೊತೆಗಿದ್ದರು. ಓಣಿಯ ಹೆಂಗಸರು ಅವರ ಮನೆಗೆ ಅರ್ಜಿ ತುಂಬಿಸಲು, ಮಕ್ಕಳ ಮಾರ್ಕ್ಸ್ ಕಾರ್ಡ್ ತೋರಿಸಲು ಬರುತ್ತಿದ್ದರು. ಎಲ್ಲರಿಗೂ ಅವರು ಮೊದಲು ಹೇಳುತ್ತಿದ್ದ ಮಾತು "ನೋಡೂಣು." ಆಗುತ್ತದೆ ಎಂದೂ ಹೇಳುತ್ತಿರಲಿಲ್ಲ, ಆಗುವುದಿಲ್ಲ ಎಂದೂ ಹೇಳುತ್ತಿರಲಿಲ್ಲ.

ಅವರ ಮನೆಯ ಹಿಂದಿನ ಕೋಣೆಯಲ್ಲಿ ಕಂಪ್ಯೂಟರು ಹಗಲೂ ರಾತ್ರಿ ಓಡುತ್ತಿತ್ತು. ಅದರ ಪಕ್ಕ ಹಾಯುವಾಗಲೆಲ್ಲ ಅಂಗೈಯನ್ನು ಅದರ ಪೆಟ್ಟಿಗೆಯ ಮೇಲೆ ಇಡುವರು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಬಿಸಿ ಹೆಚ್ಚಾಗಿದ್ದರೆ ಕಿಟಕಿ ತೆಗೆದು, ಟೇಬಲ್ ಫ್ಯಾನನ್ನು ತಮ್ಮ ಕಡೆಯಿಂದ ಅದರ ಕಡೆಗೆ ತಿರುಗಿಸಿ, ತಾವು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೂರುವರು.

ಆ ಯಂತ್ರದೊಳಗೆ ಏನು ನಡೆಯುತ್ತಿತ್ತು ಎಂಬುದನ್ನು ಹೇಳಬೇಕು. ರೈತರು "ಎಣ್ಣಿ" ಎಂದು ಕರೆಯುವ ಬೆಳೆಯ ಔಷಧವನ್ನು ನೀರಿಗೆ ಹಾಕಿದರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಎಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ನೀರಿನ ತುಂಬ ಹರಡಿಕೊಂಡಿರುತ್ತದೆ. ಹನಿಗಳು ಒಂದರೊಳಗೊಂದು ಕೂಡದಂತೆ ಸಾಬೂನಿನ ಜಾತಿಯ ಅಣುಗಳು ಪ್ರತಿಯೊಂದರ ಮೈಗೂ ಅಂಟಿಕೊಂಡು ಕಾಯುತ್ತಿರುತ್ತವೆ. ಎರಡು ಹನಿ ಹತ್ತಿರ ಬಂದಾಗ ನಡುವೆ ನೀರಿನ ಒಂದು ತೆಳು ಪೊರೆ ಉಳಿಯುತ್ತದೆ. ಆ ನೀರು ಪಕ್ಕಕ್ಕೆ ಸರಿದುಹೋದರೆ ಹನಿಗಳು ಕೂಡುತ್ತವೆ, ಸರಿಯದಿದ್ದರೆ ಇಲ್ಲ. ನವಲಗುಂದದಂಥ ಕಡೆ ಕೊಳವೆಬಾವಿಯ ಸವಳು ನೀರಿನಲ್ಲಿ ಈ ಕಾವಲು ಸಡಿಲಾಗುತ್ತದೆ. ಎಣ್ಣೆ ಒಡೆದು ಮೇಲೆ ತೇಲುತ್ತದೆ. ಹಾಗೆ ಒಡೆದದ್ದನ್ನು ಸಿಂಪಡಿಸಿದರೆ ಒಂದು ಗಿಡಕ್ಕೆ ಬರೀ ನೀರು, ಇನ್ನೊಂದಕ್ಕೆ ಬರೀ ಎಣ್ಣೆ. ಎಣ್ಣೆ ಬಿದ್ದ ಎಲೆ ಸುಡುತ್ತದೆ.

ತಮ್ಮ ದೊಡ್ಡಪ್ಪನ ಮಗನ ಮೆಣಸಿನಕಾಯಿ ಹೊಲದಲ್ಲಿ ಹೀಗೆ ಸುಟ್ಟ ಎಲೆ ನೋಡಿದ ಮೇಲೆಯೇ ಅಕ್ಕೋರು ಈ ಕೆಲಸಕ್ಕೆ ಕೈಹಾಕಿದ್ದು. ಎಷ್ಟು ಉಪ್ಪಿನ ನೀರಿಗೆ ಎಷ್ಟು ಸಾಬೂನು ಇದ್ದರೆ ಹನಿಗಳು ಕೂಡದೆ ನಿಲ್ಲುತ್ತವೆ? ಬಾಟಲಿಯಲ್ಲಿ ಆ ಕ್ಷಣ ಕಣ್ಣಿಗೆ ಸಿಗುವುದಿಲ್ಲ. ಆದ್ದರಿಂದ ಕಂಪ್ಯೂಟರಿನಲ್ಲಿ ಎರಡು ಹನಿ ಮಾಡಿ, ನೀರು ಮಾಡಿ, ಉಪ್ಪು ಬೆರೆಸಿ, ಅಣು ಅಣುವಾಗಿ ಅವುಗಳನ್ನು ನಡೆಸಿ ನೋಡುವುದು. ನಾನು ಅವರ ಜೊತೆ ಸೇರಿದ್ದು ಆ ಕೆಲಸಕ್ಕೆ. ಆಗ ನಾನು ಅದೇ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ.

ಒಮ್ಮೆ ಕಾಲೇಜಿನ ಸಮಾರಂಭದಲ್ಲಿ ಮುಖ್ಯ ಅತಿಥಿಗಳು ಅಕ್ಕೋರಿಗೆ ಶಾಲು ಹೊದಿಸಿ ಭಾವುಕರಾದರು. "ಮೇಡಂ ಹನಿ ಹನಿಗಳನ್ನು ಕೂಡಿಸುವ ಸಂಶೋಧನೆ ಮಾಡುತ್ತಿದ್ದಾರೆ. ಹಾಗೆಯೇ ನಮ್ಮ ಹಿಂದೂ ಮುಸಲ್ಮಾನ ಬಾಂಧವರೂ ಹನಿಗಳಂತೆ ಕೂಡಬೇಕು" ಎಂದರು. ಜೋರು ಚಪ್ಪಾಳೆ. ಅಕ್ಕೋರು ಮೈಕಿನ ಹತ್ತಿರ ಹೋದರು.

"ಒಂದ ಮಾತು ತಿದ್ದಬೇಕಾಗೇತ್ರಿ. ಹನಿ ಕೂಡಿದ್ರ ಔಷಧ ಕೆಟ್ಟಂಗ. ಅವು ಕೂಡದಂಗ ಹ್ಯಾಂಗ ಇಡೂದು ಅಂತ ನಾ ನೋಡಾಕತ್ತೀನಿ. ಮಂದಿ ಕೂಡೂದು ಬ್ಯಾರೇನ ಕೆಲಸ ಐತ್ರಿ. ಅದಕ್ಕ ನನ್ನ ಕಂಪ್ಯೂಟರ್ ಬ್ಯಾಡ, ತಾವ ಮಾಡ್ರಿ."

ಅತಿಥಿಗಳೂ ನಕ್ಕರು. ಅಕ್ಕೋರು ನಗಲಿಲ್ಲ. ಅವರು ಹೇಳಿದ್ದು ತಮಾಷೆಗಲ್ಲ.

ಕೆಲವು ವರ್ಷ ದುಡಿದ ಮೇಲೆ ನಮಗೆ ಒಂದು ಉತ್ತರ ಸಿಕ್ಕಿತು. ಔಷಧದ ಜೊತೆಗೆ ಒಂದು ಬಗೆಯ ಸಾಬೂನು ದ್ರಾವಣವನ್ನು ಇಂತಿಷ್ಟು ಬೆರೆಸಿದರೆ ಸವಳು ನೀರಿನಲ್ಲೂ ಹನಿಗಳು ಕೂಡುವುದಿಲ್ಲ. ಪರದೆಯ ಮೇಲೆ ಎರಡು ಹಳದಿ ಗುಂಡುಗಳು ಹತ್ತಿರ ಬಂದು, ಒಂದನ್ನೊಂದು ಒತ್ತಿ ಸ್ವಲ್ಪ ಚಪ್ಪಟೆಯಾಗಿ, ಹಾಗೆಯೇ ನಿಂತುಬಿಡುತ್ತಿದ್ದವು. ಉಪ್ಪು ಹೆಚ್ಚಿಸಿದರೂ ನಿಲ್ಲುತ್ತಿದ್ದವು. ಬಾಟಲಿಯಲ್ಲಿ ಬೆರೆಸಿಯೂ ನೋಡಿದೆವು. ಸ್ವಲ್ಪ ಹೊತ್ತು ಚೆನ್ನಾಗಿಯೇ ನಿಂತಿತ್ತು. ಅಷ್ಟಕ್ಕೆ ಒಪ್ಪಿದೆವು. ಲೇಖನ ಪ್ರಕಟವಾಯಿತು. ಅದರ ಮೇಲೆಯೇ ನನ್ನ ಪಿಎಚ್.ಡಿ. ಪ್ರಬಂಧ ಸಿದ್ಧವಾಗಿ ವಿಶ್ವವಿದ್ಯಾಲಯಕ್ಕೆ ಹೋಯಿತು. ಅಣ್ಣಿಗೇರಿಯಲ್ಲಿ ಬೆಳೆಗಾರರ ಒಂದು ಸಭೆ ನಡೆದಾಗ ಅಕ್ಕೋರನ್ನು ಕರೆದು ಮಾತಾಡಿಸಿದರು. ಅವರು ತಮ್ಮ ಪದ್ಧತಿಯಂತೆ "ಸದ್ಯಾಕ ಹಿಂಗ ಕಾಣ್ತೈತ್ರಿ" ಎಂದೇ ಶುರುಮಾಡಿದರು. ಕೇಳಿದವರು ಆ ಮಾತನ್ನು ಬಿಟ್ಟು ಉಳಿದದ್ದನ್ನು ಮನೆಗೆ ಒಯ್ದರು.

ಅದೇ ಹೊತ್ತಿಗೆ ಕಾಯಂ ಹುದ್ದೆಗಳಿಗೆ ಅರ್ಜಿ ಕರೆಯುತ್ತಾರೆಂಬ ಸುದ್ದಿ ಬಂತು. ಡಿಗ್ರಿ ಕೈಗೆ ಬಂದರೆ ನನ್ನ ಬದುಕು ಒಂದು ದಡಕ್ಕೆ ಹತ್ತುತ್ತಿತ್ತು. ನಾನು ದಿನವೂ ವಿಶ್ವವಿದ್ಯಾಲಯದ ಕರೆಗಾಗಿ ಫೋನು ನೋಡುತ್ತಿದ್ದೆ.

ಬಂದದ್ದು ಕುಂದಗೋಳದ ಹತ್ತಿರದ ಹಳ್ಳಿಯಿಂದ ಒಬ್ಬ ಬೆಳೆಗಾರರ ಕರೆ, ಅಕ್ಕೋರಿಗೆ. ಅಕ್ಕೋರು ಹೇಳಿದಂತೆಯೇ ಬೆರೆಸಿ ಸಿಂಪಡಿಸಿದ್ದರಂತೆ. ಮೆಣಸಿನಕಾಯಿ ಗಿಡ ಸುಟ್ಟಿದೆ. ಮರುದಿನ ಬೆಳಿಗ್ಗೆಯೇ ಅಕ್ಕೋರು ನನ್ನನ್ನು ಕರೆದುಕೊಂಡು ಹೋದರು. ದಾರಿಯಲ್ಲಿ ನಾನು, "ಅವರ ಅಳತಿ ತಪ್ಪಿರಬೇಕ್ರಿ ಅಕ್ಕೋರ" ಎಂದೆ. "ನೋಡೂಣು" ಎಂದರು.

ಹೊಲ ನೋಡಿದೆವು. ಸಾಲುಗಟ್ಟಲೆ ಗಿಡಗಳ ಎಲೆಗಳು ಅಂಚಿನಿಂದ ಒಳಕ್ಕೆ ಕಂದಿ ಮುದುಡಿದ್ದವು. ಬೆಳೆಗಾರ ಬದುವಿನ ಮೇಲೆ ನಿಂತು ಬೇರೆ ಕಡೆ ನೋಡುತ್ತಿದ್ದರು. ಮಾತಾಡಿದ್ದು ಅವರ ಹೆಂಡತಿ.

"ಅಂಗಡ್ಯಾಂವ ಹೇಳಿದ್ರ ನಾವು ಕೇಳ್ತಿರಲಿಲ್ರಿ. ಕಲಿಸೋ ಬಾಯಾರು ಹೇಳ್ಯಾರ ಅಂತ ಹಾಕಿದ್ವಿ."

ಅಕ್ಕೋರು ಅಳತೆ ಕೇಳಿದರು. ಸರಿಯಾಗಿಯೇ ಇತ್ತು. ಯಾವಾಗ ಬೆರೆಸಿದಿರಿ, ಎಷ್ಟು ಹೊತ್ತು ಹೊಡೆದಿರಿ ಎಂದು ಕೇಳಿದರು. ಮುಂಜಾನೆ ಡ್ರಮ್ಮಿನಲ್ಲಿ ಬೆರೆಸಿ ಮಧ್ಯಾಹ್ನದವರೆಗೂ ಅದನ್ನೇ ತುಂಬಿ ತುಂಬಿ ಹೊಡೆದಿದ್ದರು. ಎಲ್ಲರೂ ಮಾಡುವುದು ಹಾಗೆಯೇ. ಅಕ್ಕೋರು ಅವರ ಬಾವಿಯ ನೀರನ್ನು ಒಂದು ಬಾಟಲಿಗೆ ತುಂಬಿಸಿಕೊಂಡರು. ಹೊರಡುವಾಗ ಆ ಹೆಣ್ಣುಮಗಳ ಮುಂದೆ ನಿಂತು, "ಯಾಕ ಹಿಂಗಾತು ಅಂತ ತಿಳಕೊಂಡು ಮತ್ತ ಬರ್ತೀನ್ರಿ" ಎಂದರು. ಆಕೆ ಸುಟ್ಟ ಗಿಡ ಕೀಳಲು ಬಗ್ಗಿದಳು.

ಮರಳಿ ಬರುವಾಗ ಬಸ್ಸಿನಲ್ಲಿ ಅವರು ಬಾಟಲಿಯನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದು ಕೂತಿದ್ದರು.

ಆಮೇಲೆ ಕೆಲವು ವಾರ ಅವರು ಕಾಲೇಜಿಗೆ ಬಂದು ಪಾಠ ಮುಗಿಸಿ ನೇರ ಮನೆಗೆ ಹೋಗುತ್ತಿದ್ದರು. ಒಂದು ಶುಕ್ರವಾರ ಮಧ್ಯಾಹ್ನ ನನಗೆ ಬರಹೇಳಿದರು. ಹಿಂದಿನ ಕೋಣೆಯಲ್ಲಿ ಕುರ್ಚಿ ಎಳೆದು ಕೂರಿಸಿ, "ನೋಡು" ಎಂದರು.

ಪರದೆಯ ಮೇಲೆ ಅದೇ ಎರಡು ಹಳದಿ ಗುಂಡುಗಳು. ಹತ್ತಿರ ಬಂದವು, ಒತ್ತಿದವು, ಚಪ್ಪಟೆಯಾದವು, ನಿಂತವು. ಬಹಳ ಹೊತ್ತು ನಿಂತೇ ಇದ್ದವು. ಇದನ್ನು ನಾನು ವರ್ಷಗಟ್ಟಲೆ ನೋಡಿದ್ದೆ. ಆಮೇಲೆ ನಡುವಿನ ನೀರಿನ ಗೆರೆ ಒಂದು ಕಡೆ ತೆಳ್ಳಗಾಗಿ ಕಾಣದಾಯಿತು. ಅಲ್ಲಿ ಸಣ್ಣದೊಂದು ಕುತ್ತಿಗೆ ಮೂಡಿ, ಕ್ಷಣದಲ್ಲಿ ದಪ್ಪಗಾಗಿ, ಎರಡು ಗುಂಡು ಒಂದಾಯಿತು.

"ಉಪ್ಪು ಹೆಚ್ಚ ಹಾಕೀರೇನ್ರಿ?"

"ಇಲ್ಲ. ಅದ ಉಪ್ಪು, ಅದ ಸಾಬೂನು. ಪೆಟ್ಟಿಗಿ ಅಷ್ಟ ದೊಡ್ಡದು ಮಾಡೀನಿ."

ನನಗೆ ತಕ್ಷಣ ಅರ್ಥವಾಯಿತು.

ಇಡೀ ಡ್ರಮ್ಮಿನ ನೀರನ್ನು ಕಂಪ್ಯೂಟರಿನಲ್ಲಿ ಮಾಡಲು ಆಗುವುದಿಲ್ಲ. ಎರಡು ಹನಿ ಹಿಡಿಯುವಷ್ಟು ಒಂದು ಸಣ್ಣ ಪೆಟ್ಟಿಗೆಯನ್ನು ಕಲ್ಪಿಸಿಕೊಂಡು, ಅದರ ಬಲಗಡೆಯಿಂದ ಹೊರಹೋದದ್ದು ಎಡಗಡೆಯಿಂದ ಒಳಗೆ ಬರುವಂತೆ ಮಾಡುತ್ತೇವೆ. ಆಗ ಸುತ್ತ ಎಲ್ಲೆಲ್ಲೂ ನೀರಿರುವಂತೆ ಲೆಕ್ಕ ನಡೆಯುತ್ತದೆ. ಈ ಕೆಲಸ ಮಾಡುವವರೆಲ್ಲ ಬಳಸುವ ಉಪಾಯ ಇದು. ನಮ್ಮ ಪೆಟ್ಟಿಗೆ ಇಕ್ಕಟ್ಟಾಗಿತ್ತು. ಎರಡು ಹನಿಗಳ ನಡುವಿನಿಂದ ಸರಿದುಹೋಗಬೇಕಾದ ನೀರು ಒಂದು ಕಡೆ ಹೊರಬಿದ್ದು ಇನ್ನೊಂದು ಕಡೆಯಿಂದ ಮತ್ತೆ ಅಲ್ಲಿಗೇ ಬರುತ್ತಿತ್ತು. ಹನಿಗಳು ಕೂಡದೆ ನಿಂತದ್ದು ಸಾಬೂನಿನ ಬಲದಿಂದಲ್ಲ. ನೀರಿಗೆ ಹೋಗಲು ಜಾಗವೇ ಇರಲಿಲ್ಲ.

"ಕುಂದಗೋಳದ ನೀರೂ ಬಾಟಲ್ಯಾಗ ಹಾಕಿ ಇಟ್ಟೆ. ಸಂಜೀಕ ಎಣ್ಣಿ ಮ್ಯಾಲ ಬಂತು" ಎಂದರು ಅಕ್ಕೋರು. "ಪೆಟ್ಟಿಗಿ ಅಳತಿ ಇಟ್ಟಾಕಿ ನಾನು. ನಿಂದೇನೂ ತಪ್ಪಿಲ್ಲ. ಪೇಪರ್ ಹಿಂದಕ್ಕ ತಗೋಬೇಕು. ನಿನ್ನ ಥೀಸಿಸ್‌ನೂ."

"ನನ್ನ ಥೀಸಿಸ್ ಹೋಗೇತ್ರಿ ಅಕ್ಕೋರ. ಇನ್ನೇನು ವೈವಾ ಆಗ್ತೈತಿ."

"ಅದಕ್ಕ ಲಗೂನ ಹೇಳಬೇಕು."

"ಯಾರಿಗೆ ಗೊತ್ತಾಗ್ತೈತ್ರಿ? ಇಷ್ಟ ವರ್ಷ ಯಾರೂ ಕೇಳಿಲ್ಲ. ಡಿಗ್ರಿ ಆಗಲಿ, ಆಮ್ಯಾಲ ತಿದ್ದಿ ಇನ್ನೊಂದ ಪೇಪರ್ ಬರಿಯೂಣು."

ಅವರು ನನ್ನ ಕೈ ಹಿಡಿದರು. ಎಂದೂ ಹಾಗೆ ಮಾಡಿದವರಲ್ಲ.

"ಎಲಿ ಸುಡೂದು ಪೇಪರ್ ಓದಿ ಸುಡೂದಿಲ್ಲವ್ವಾ. ಈ ಹಂಗಾಮಿನಾಗ ಇನ್ನೂ ಎಷ್ಟ ಮಂದಿ ಹೊಡೀತಾರೋ."

ನಾನು ಕೈ ಬಿಡಿಸಿಕೊಂಡು ಎದ್ದೆ. ಅವರ ತಂಗಿ ಚಹಾ ತಂದು ಬಾಗಿಲಲ್ಲಿ ನಿಂತಿದ್ದರು. ಅವರನ್ನು ದಾಟಿ ಬಂದು ಬಸ್ ಹಿಡಿದೆ.

ಅಕ್ಕೋರು ಲೇಖನ ಪ್ರಕಟಿಸಿದ್ದ ಪತ್ರಿಕೆಗೆ, ಅದನ್ನು ಹಿಂದಕ್ಕೆ ಪಡೆಯುವುದಾಗಿ ಬರೆದರು. ವಿಶ್ವವಿದ್ಯಾಲಯಕ್ಕೆ ಸ್ವತಃ ಹೋಗಿ, ತಮ್ಮ ಲೆಕ್ಕದ ತಪ್ಪಿನಿಂದ ವಿದ್ಯಾರ್ಥಿನಿಯ ಪ್ರಬಂಧವೂ ತಪ್ಪಾಗಿದೆಯೆಂದೂ ತಿದ್ದಲು ಅವಕಾಶ ಕೊಡಬೇಕೆಂದೂ ಕೇಳಿಕೊಂಡರು. ಹೀಗೆ ತಾವಾಗಿ ಬಂದವರನ್ನು ಅಲ್ಲಿಯೂ ಯಾರೂ ಕಂಡಿರಲಿಲ್ಲ. ಅವರನ್ನು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಕಳಿಸಿದರಂತೆ. ನಿವೃತ್ತಿ ಹತ್ತಿರವಿತ್ತು. "ಯಾಕ್ರಿ ಮೇಡಂ, ಮರ್ಯಾದಿಲೆ ರಿಟೈರ್ ಆಗೂದು ಬಿಟ್ಟು" ಎಂದು ಸಹೋದ್ಯೋಗಿಗಳು ಹೇಳಿದರು. ಬೆನ್ನ ಹಿಂದೆ ಬೇರೆ ಮಾತುಗಳೂ ನಡೆದವು.

ಬೆಳೆಗಾರರ ಮುಂದಿನ ಸಭೆಗೆ ಅವರನ್ನು ಯಾರೂ ಕರೆದಿರಲಿಲ್ಲ. ತಾವೇ ಹೋದರು. ನಾನು ಅಲ್ಲಿರಲಿಲ್ಲ, ಹೊಲ ಮಾಡುವ ನನ್ನ ಗಂಡ ಇದ್ದರು, ಅವರಿಂದ ಕೇಳಿದ್ದು. ಎಲ್ಲರ ಭಾಷಣ ಮುಗಿದ ಮೇಲೆ ಅಕ್ಕೋರು ಎದ್ದು ಎರಡು ನಿಮಿಷ ಕೇಳಿದರಂತೆ. ಹಿಂದಿನ ಸಲ ತಾವು ಹೇಳಿದ ಮಿಶ್ರಣ ತಪ್ಪು, ಯಾರೂ ಬಳಸಬೇಡಿ, ಬಳಸಿ ನಷ್ಟವಾದವರ ಕ್ಷಮೆ ಕೇಳುತ್ತೇನೆ ಎಂದರಂತೆ. ಹಿಂದಿನಿಂದ ಒಬ್ಬರು ಎದ್ದು ನಿಂತರು.

"ಅಂದ್ರ ನೀವು ಮೊದಲ ಹೇಳಿದ್ದು ಸುಳ್ಳೇನ್ರಿ?"

"ಸುಳ್ಳಲ್ರಿ. ತಪ್ಪು."

"ಎರಡರಾಗ ಫರಕ್ ಏನ್ರಿ? ನಮ್ಮ ಗಿಡ ಅಂತೂ ಸುಟ್ಟಾವು."

"ನಿಮ್ಮ ಗಿಡಕ್ಕ ಫರಕ್ ಇಲ್ರಿ. ಸುಳ್ಳು ಹೇಳಿದ್ರ ನಾ ಇವತ್ತ ಬರ್ತಿರಲಿಲ್ಲ, ಅಷ್ಟ."

ಅಕ್ಕೋರು ಕೊಡೆ ತೆಗೆದುಕೊಂಡು ಬಸ್ ನಿಲ್ದಾಣದ ಕಡೆ ನಡೆದರು. ನನ್ನ ಗಂಡ ಗಾಡಿಯಲ್ಲಿ ಬಿಡುತ್ತೇನೆ ಎಂದರೂ ಒಲ್ಲೆ ಎಂದರಂತೆ. ಕುಂದಗೋಳದ ಆ ಮನೆಗೂ ಹೋಗಿ ಕಾರಣ ಹೇಳಿಬಂದರು ಎಂಬುದು ನನಗೆ ಬಹಳ ದಿನಗಳ ಮೇಲೆ ಗೊತ್ತಾಯಿತು. ಆಕೆ ಏನೆಂದಳು ಎಂದು ಕೇಳಿದ್ದಕ್ಕೆ, "ಕುಂದರ್ರಿ ಅಂದಳು" ಎಂದಷ್ಟೇ ಹೇಳಿದರು.

ನಾನು ಕಾಯಂ ಹುದ್ದೆಗೆ ಅರ್ಜಿ ಹಾಕಿದ್ದು ಡಿಗ್ರಿ ಇಲ್ಲದೆ. ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಅಣ್ಣಿಗೇರಿಯ ಕೆಲಸವನ್ನೂ ಬಿಟ್ಟು ಕಲಘಟಗಿಯ ಒಂದು ಪಿಯು ಕಾಲೇಜಿಗೆ ಸೇರಿದೆ. ಅಕ್ಕೋರ ಫೋನು ಬಂದರೆ ಎತ್ತುತ್ತಿರಲಿಲ್ಲ. ಅವರು ಬೀಳ್ಕೊಡುಗೆಗೆ ಕರೆದಾಗಲೂ ಹೋಗಲಿಲ್ಲ. ಅವರು ಸರಿ ಎಂದು ಮನಸ್ಸಿಗೆ ಗೊತ್ತಿತ್ತು. ಆದರೆ ಸರಿಯಾದ ಕೆಲಸದ ಬೆಲೆಯನ್ನು ಅವರ ಜೊತೆ ನಾನೂ ತೆತ್ತಿದ್ದೆ, ಮತ್ತು ನನ್ನನ್ನು ಯಾರೂ ಕೇಳಿರಲಿಲ್ಲ. ಈಗಲೂ ಆ ದಿನಗಳನ್ನು ನೆನೆದರೆ ಸಿಟ್ಟು ಬರುತ್ತದೆ. ಹಾಗಲ್ಲ ಎಂದು ಇಲ್ಲಿ ಬರೆದರೆ ಅಕ್ಕೋರೇ ಒಪ್ಪುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಒಂದು ಭಾನುವಾರ ಅವರು ಮಿಶ್ರಿಕೋಟಿಗೆ ಬಂದರು; ನನಗೆ ತವರೂ ಗಂಡನ ಮನೆಯೂ ಅದೇ ಊರು. ಮೊದಲೇ ತಿಳಿಸಿರಲಿಲ್ಲ. ನಾನು ಅಂಗಳದಲ್ಲಿ ಭತ್ತ ಒಣಹಾಕುತ್ತಿದ್ದೆ. ಹೆಗಲಿಗೆ ಲ್ಯಾಪ್‌ಟಾಪಿನ ಚೀಲ, ಕೈಯಲ್ಲಿ ಕೊಡೆ. ಬಸ್ಸಿಳಿದು ಮನೆ ಕೇಳಿಕೊಂಡು ಬಿಸಿಲಲ್ಲಿ ನಡೆದು ಬಂದಿದ್ದರು. ನನ್ನ ಅತ್ತೆ, "ಬರ್ರಿ ಅಕ್ಕೋರ, ಒಳಗ ಬರ್ರಿ" ಎಂದು ನೀರು ಕೊಟ್ಟರು. ಅವರು ನೀರು ಕುಡಿದು, ಕಟ್ಟೆಯ ಮೇಲೆ ಕೂತು ಉಸಿರು ತಿರುಗಿಸಿಕೊಂಡರು. ಸಿಟ್ಟಿನ ಬಗ್ಗೆ ಕೇಳಲಿಲ್ಲ. ಕ್ಷಮಿಸು ಎನ್ನಲಿಲ್ಲ.

"ಹೊಸಾ ಪೆಟ್ಟಿಗ್ಯಾಗ ಒಂದ ಲೆಕ್ಕಾ ಮುಗೀಲಿಕ್ಕೆ ವಾರಗಟ್ಟಲೆ ಬೇಕಾಗ್ತೈತಿ" ಎಂದರು. "ನನಗೀಗ ಕಾಲೇಜ್ ಇಲ್ಲ, ವ್ಯಾಳ್ಯಾ ಐತಿ. ನಾ ಓಡಸ್ತೀನಿ. ಬಂದದ್ದನ್ನ ನೀ ನೋಡು. ನಿನಗ ಬ್ಯಾಡ ಅನಿಸಿದ್ರ ಬ್ಯಾಡ ಅನ್ನು. ನಾ ಊಟ ಮಾಡಿ ಹೋಗ್ತೀನಿ."

ನನ್ನ ಅತ್ತೆಗೆ ಇದೊಂದೂ ತಿಳಿಯಲಿಲ್ಲ. ಆದರೂ ನನ್ನ ಮುಖ ನೋಡಿ, "ಹೂಂ ಅನ್ನು. ಇಷ್ಟ ದೂರ ಬಂದಾರ" ಎಂದರು.

ಊಟ ಮುಗಿಸಿ ನಾವು ಲ್ಯಾಪ್‌ಟಾಪ್ ತೆರೆದೆವು.

ಎರಡನೆಯ ಸಲದ ಕೆಲಸ ನಿಧಾನವಾಗಿ ಸಾಗಿತು. ಕರೆಂಟು ಹೋಗಿ ಲೆಕ್ಕ ನಡುವೆ ನಿಂತರೆ ಅಕ್ಕೋರು ಮತ್ತೆ ಮೊದಲಿನಿಂದ ಹಚ್ಚುತ್ತಿದ್ದರು. ಪೆಟ್ಟಿಗೆಯನ್ನು ಇನ್ನೂ ಹಿಗ್ಗಿಸಿ, ಉತ್ತರ ಬದಲಾಗುವುದಿಲ್ಲ ಎಂದು ಖಾತ್ರಿಯಾಗುವವರೆಗೆ ಬಿಡಲಿಲ್ಲ. ಕೊನೆಗೆ ಬಂದ ಫಲ ದೊಡ್ಡದೇನಲ್ಲ. ಸವಳು ನೀರಿನಲ್ಲಿ ಈ ಸಾಬೂನು ಹನಿಗಳ ಕೂಡುವಿಕೆಯನ್ನು ತಡಮಾಡುತ್ತದೆ, ತಡೆಯುವುದಿಲ್ಲ. ಬೆರೆಸಿದ್ದನ್ನು ಬೇಗ ಬಳಸಬೇಕು, ಇಟ್ಟುಕೊಳ್ಳಬಾರದು. ಆ ಪ್ರಬಂಧಕ್ಕೆ ನನಗೆ ಡಿಗ್ರಿ ಬಂತು. ಅಷ್ಟರಲ್ಲಿ ಕಾಯಂ ಹುದ್ದೆಗೆ ನನ್ನ ವಯಸ್ಸು ಮೀರಿತ್ತು. ನಾನು ಈಗಲೂ ಕಲಘಟಗಿಯಲ್ಲೇ ಪಾಠ ಹೇಳುತ್ತೇನೆ.

ಕಳೆದ ವರ್ಷ ಅಕ್ಕೋರ ಮೂತ್ರಪಿಂಡ ಕೈಕೊಟ್ಟಿತು. ಹುಬ್ಬಳ್ಳಿಗೆ ಡಯಾಲಿಸಿಸ್‌ಗೆ ಹೋಗಿಬರುವುದೇ ಅವರ ಕೆಲಸವಾಯಿತು. ಆಮೇಲೆ ಅದೂ ಬೇಡ ಎಂದರು. ನಾನು ಕೊನೆಯ ಸಲ ನೋಡಲು ಹೋದಾಗ ಹಿಂದಿನ ಕೋಣೆಯಲ್ಲೇ ಮಂಚ ಹಾಕಿದ್ದರು. ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿತ್ತು. ಅಕ್ಕನನ್ನು ಆಪಾ ಎಂದು ಕರೆಯುತ್ತಿದ್ದ ಅವರ ತಂಗಿ ಹೊರಗೇ ತಡೆದು, "ಆಪಾನ ಮುಂದ ಕೆಲಸದ ಮಾತು ತೆಗಿಬ್ಯಾಡ್ರಿ. ಮಾತಾಡಿದ್ರ ದಣೀತಾಳ" ಎಂದರು.

ನನ್ನ ಹತ್ತಿರ ಹೇಳಬೇಕಾದ ಕೆಲಸದ ಮಾತೇ ಇತ್ತು. ದೂರದ ಯಾವುದೋ ದೇಶದ ಸಂಶೋಧಕರು ನಮ್ಮ ಎರಡನೆಯ ಲೇಖನವನ್ನು ಹಿಡಿದು, ತಮ್ಮ ದೊಡ್ಡ ಯಂತ್ರದಲ್ಲಿ ಅದೇ ಲೆಕ್ಕವನ್ನು ಮಾಡಿ ನೋಡಿದ್ದರು. ನಾವು ಸಾಬೂನಿನ ಅಣುಗಳು ಹನಿಯ ಮೈಮೇಲೆಯೇ ಇರುತ್ತವೆ ಎಂದು ಹಿಡಿದಿದ್ದೆವು. ಕೆಲವು ನೀರಿಗೆ ಹೋಗಿ ಮರಳಿ ಬರುತ್ತವೆ, ಅದನ್ನು ಬಿಟ್ಟಿದ್ದರಿಂದ ನಾವು ಹೇಳಿದ ಸಮಯ ಸರಿಯಿಲ್ಲ, ಹನಿಗಳು ಇನ್ನೂ ಬೇಗ ಕೂಡುತ್ತವೆ ಎಂದು ಬರೆದಿದ್ದರು. ಇದನ್ನು ಹೇಳುವುದೋ ಬಿಡುವುದೋ ಎಂದು ಬಸ್ಸಿನುದ್ದಕ್ಕೂ ಯೋಚಿಸಿದ್ದೆ. ತಂಗಿಯ ಮಾತು ಕೇಳಿ ಬಿಡುವುದೆಂದು ಒಳಗೆ ಹೋದೆ.

ಅಕ್ಕೋರ ಮುಖ ಊದಿಕೊಂಡಿತ್ತು. ಕಣ್ಣು ತೆರೆದು ನನ್ನನ್ನು ನೋಡಿ, ಮನೆಯವರೆಲ್ಲ ಹೇಗಿದ್ದಾರೆ ಎಂದು ಕೇಳಿದರು. ಆಮೇಲೆ, "ಏನೋ ಮುಚ್ಚಾಕತ್ತಿ" ಎಂದರು.

ಹೇಳಿಬಿಟ್ಟೆ. ಅವರು ಪೂರ್ತಿ ಕೇಳಿದರು. ತಂಗಿಯನ್ನು ಕರೆದು ಬೆನ್ನಿಗೆ ದಿಂಬು ಕೊಡಲು ಹೇಳಿದರು. ಕನ್ನಡಕ ಹಾಕಿಕೊಂಡರು. ಆ ಲೇಖನವಿದ್ದ ನನ್ನ ಫೋನನ್ನು ಕೈಗೆ ತೆಗೆದುಕೊಂಡರು, ಆದರೆ ಅಷ್ಟು ಸಣ್ಣ ಅಕ್ಷರ ಕಾಣಲಿಲ್ಲ. ನನಗೇ ಮರಳಿ ಕೊಟ್ಟರು.

"ಖರೇ ಐತಿ" ಎಂದರು. "ಅದನ್ನ ನಾವು ಬಿಟ್ಟಿದ್ವಿ."

"ನೀವು ಅದನ್ನ ಮನಸಿಗೆ ಹಚಗೊಬ್ಯಾಡ್ರಿ ಅಕ್ಕೋರ."

"ಯಾಕ ಹಚಗೊಳ್ಳಿ?" ಅವರ ಮುಖದಲ್ಲಿ ನಾನು ಬಹಳ ದಿನಗಳಿಂದ ಕಾಣದಿದ್ದ ಒಂದು ಕಳೆ ಬಂದಿತ್ತು. "ಯಾರೋ ಕುಂತು ಓದ್ಯಾರ. ಒಂದೊಂದ ಸಾಲು ಓದ್ಯಾರ. ಇಲ್ಲಂದ್ರ ಇದು ಅವರಿಗೆ ಸಿಗತಿತ್ತೇನು?"

ತಂಗಿ ಸಾಕು ಎಂಬಂತೆ ನನ್ನ ಕಡೆ ಸನ್ನೆ ಮಾಡಿದರು. ಅಕ್ಕೋರು ಅದನ್ನು ಕಂಡರೂ ಕಾಣದಂತೆ ಕಣ್ಣು ಮುಚ್ಚಿ ತಲೆಯನ್ನು ದಿಂಬಿಗೆ ಆನಿಸಿದರು.

"ಮೊದಲಿಂದ ಓದು" ಎಂದರು. "ಸಾವಕಾಶ ಓದು."

ನಾನು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಓದತೊಡಗಿದೆ.